ಕೇರಳದ ಡಿ.ಎಲ್.ಎಡ್. ಮತ್ತು ಕೆ-ಟೆಟ್ ಕೊಡಗಿನ ಸರ್ಕಾರಿ ಶಾಲೆಗೆ ಸಲ್ಲುತ್ತವೆಯೇ?

ಪ್ರಶ್ನೆ (ವಿರಾಜಪೇಟೆ ತಾಲ್ಲೂಕು)

ಒಂದರಿಂದ ಹತ್ತನೆಯ ತರಗತಿಯವರೆಗೆ ನಾನು ನಮ್ಮ ತಾಲ್ಲೂಕಿನ ಹಳ್ಳಿಶಾಲೆಗಳಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ಅನಂತರ ಕಣ್ಣೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪ್ಲಸ್ ಟು ಹಾಗೂ ಪ್ರಾಥಮಿಕ ಶಿಕ್ಷಕರ ತರಬೇತಿಯಾದ ಡಿ.ಎಲ್.ಎಡ್. ಮುಗಿಸಿ, ಕೇರಳದ ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಕೆ-ಟೆಟ್‌ನ ಮೊದಲನೆಯ ವಿಭಾಗದಲ್ಲಿ ಉತ್ತೀರ್ಣಳಾಗಿ, ಇರಿಟ್ಟಿಯ ಕಡೆ ಖಾಸಗಿ ಶಾಲೆಯೊಂದರಲ್ಲಿ ನಾಲ್ಕು ವರ್ಷ ಪಾಠ ಮಾಡಿದೆ. ತಂದೆಯವರ ಆರೋಗ್ಯ ಕೆಟ್ಟು ತೋಟ ನೋಡಿಕೊಳ್ಳುವವರಿಲ್ಲದ್ದರಿಂದ ಈಗ ಊರಿಗೆ ಮರಳಿದ್ದೇನೆ. ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗುವ ಆಸೆಯಿಂದ ಕಚೇರಿಯೊಂದರಲ್ಲಿ ವಿಚಾರಿಸಿದಾಗ, ಕೇರಳದ ಯಾವ ಕಾಗದವೂ ನಡೆಯುವುದಿಲ್ಲ, ತರಬೇತಿಯನ್ನೇ ಮತ್ತೆ ಮಾಡಬೇಕು ಎಂದುಬಿಟ್ಟರು. ಎರಡು ವರ್ಷದ ಓದು ನಿಜವಾಗಿಯೂ ವ್ಯರ್ಥವೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ (ನಿವೃತ್ತ ಮುಖ್ಯಶಿಕ್ಷಕ, ಸೋಮವಾರಪೇಟೆ)

ಧೈರ್ಯಗೆಡಬೇಡಮ್ಮಾ, ನಿನಗೆ ಹೇಳಿದ್ದು ಅರ್ಧ ಮಾತ್ರ ಸರಿ. ತರಬೇತಿ ಬೇರೆ, ಅರ್ಹತಾ ಪರೀಕ್ಷೆ ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಗೊಂದಲವಾಗುತ್ತದೆ. ಶಿಕ್ಷಕರ ತರಬೇತಿಗೆ ಮಾನ್ಯತೆ ಕೊಡುವುದು 1993ರ ಕಾಯಿದೆಯಂತೆ ರಚನೆಯಾದ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು. ನೀನು ಓದಿದ ಸಂಸ್ಥೆಗೆ ಆ ವರ್ಷ ಪರಿಷತ್ತಿನ ಮಾನ್ಯತೆ ಇದ್ದಿದ್ದರೆ, ಡಿ.ಎಲ್.ಎಡ್. ಅನ್ನು ಮತ್ತೊಮ್ಮೆ ಮಾಡಬೇಕಾಗಿಲ್ಲ. ಆ ಮಾನ್ಯತೆಯ ಆದೇಶದ ಪ್ರತಿಯನ್ನು ಸಂಸ್ಥೆಯಿಂದ ಈಗಲೇ ಕೇಳಿ ತರಿಸಿಕೋ. ದಾಖಲೆ ಪರಿಶೀಲನೆಯ ದಿನ ಹೊರರಾಜ್ಯದ ಅಂಕಪಟ್ಟಿಗಳ ಮೇಲೆ ಹೆಚ್ಚು ಪ್ರಶ್ನೆಗಳು ಬರುವುದು ಸಹಜ.

ಕೆ-ಟೆಟ್ ಮಾತ್ರ ಗಡಿ ದಾಟಿ ಬರುವುದಿಲ್ಲ. ಒಂದು ರಾಜ್ಯದ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ, ಆ ರಾಜ್ಯದ ಸರ್ಕಾರಿ ಶಾಲೆಗಳಿಗೆಂದೇ ನಡೆಯುವ ಪರೀಕ್ಷೆಯಾದ್ದರಿಂದ ಇಲ್ಲಿನ ನೇಮಕಾತಿಗೆ ಕರ್ನಾಟಕದ ಟಿಇಟಿಯನ್ನು ಬರೆಯಲೇಬೇಕು. ಒಂದರಿಂದ ಐದನೆಯ ತರಗತಿಗೆ ಮೊದಲನೆಯ ಪತ್ರಿಕೆ: 150 ಪ್ರಶ್ನೆ, 150 ಅಂಕ, ಸಾಮಾನ್ಯ ವರ್ಗಕ್ಕೆ ಶೇ. 60, ಅಂದರೆ 90 ಅಂಕ ಬೇಕು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಮಕ್ಕಳ ಮನೋವಿಕಾಸ, ಗಣಿತ, ಪರಿಸರ ಅಧ್ಯಯನಗಳನ್ನು ಕೆ-ಟೆಟ್‌ಗಾಗಿ ಈಗಾಗಲೇ ಓದಿದ್ದೀಯೆ. ಕನ್ನಡ ವ್ಯಾಕರಣವನ್ನೂ ನಮ್ಮ ರಾಜ್ಯದ ಪಠ್ಯಪುಸ್ತಕಗಳನ್ನೂ ಹೊಸದಾಗಿ ಕೈಗೆತ್ತಿಕೊಂಡರೆ ಸಾಕು.

ಇನ್ನೊಂದು ಮಾತು, ಇದನ್ನು ಅನೇಕರು ಬಳಸಿಕೊಳ್ಳದೆ ಬಿಡುತ್ತಾರೆ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ನೇಮಕಾತಿಯಲ್ಲಿ ಗ್ರಾಮೀಣ ಮೀಸಲಾತಿಯೂ ಶೇ. 5ರ ಕನ್ನಡ ಮಾಧ್ಯಮ ಮೀಸಲಾತಿಯೂ ಇವೆ. ಓದಿದ ಶಾಲೆಗಳ ಮುಖ್ಯಶಿಕ್ಷಕರಿಂದ ಪ್ರಮಾಣಪತ್ರ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿಡು. ಅರ್ಜಿ ಕರೆದ ಮೇಲೆ ಮಳೆಗಾಲದಲ್ಲಿ ಶಾಲೆಯಿಂದ ಶಾಲೆಗೆ ಅಲೆದವರನ್ನು ನಾನು ಕಂಡಿದ್ದೇನೆ.

ಉತ್ತರ (ಶಿಕ್ಷಕಿ, ಮಡಿಕೇರಿ)

ಹಿರಿಯರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸಂಭವವಿರುವವರು ಸಿಬಿಎಸ್‌ಇ ನಡೆಸುವ ಕೇಂದ್ರದ ಅರ್ಹತಾ ಪರೀಕ್ಷೆಯಾದ ಸಿಟಿಇಟಿಯನ್ನೂ ಬರೆಯುವುದು ಒಳ್ಳೆಯದು. ಅದರಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಆರಿಸಿಕೊಳ್ಳಬಹುದು. ಮಡಿಕೇರಿಯಲ್ಲಿರುವಂಥ ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಬೇಕಾಗುವುದು ಅದೇ, ಆದರೆ ನೇಮಕಾತಿ ಪರೀಕ್ಷೆ ಅಲ್ಲಿಯೂ ಪ್ರತ್ಯೇಕವಾಗಿದೆ. ನಿಮ್ಮ ಕೆ-ಟೆಟ್ ಪ್ರಮಾಣಪತ್ರವನ್ನು ಜೋಪಾನವಾಗಿಡಿ. ಮೊದಲು ಏಳು ವರ್ಷವಿದ್ದ ಟಿಇಟಿ ಪ್ರಮಾಣಪತ್ರದ ಅವಧಿಯನ್ನು 2021ರಲ್ಲಿ, 2011ರಿಂದಲೇ ಅನ್ವಯವಾಗುವಂತೆ ಜೀವಮಾನಕ್ಕೆ ವಿಸ್ತರಿಸಲಾಗಿದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ನಮಸ್ಕಾರ. ತರಬೇತಿ ಉಳಿಯಿತೆಂದು ತಿಳಿದು ತಂದೆಯವರಿಗೂ ಸಮಾಧಾನವಾಯಿತು. ನನ್ನೊಡನೆ ಕಲಿಸುತ್ತಿದ್ದ ಗೆಳತಿಯೊಬ್ಬಳು ಮದುವೆಯಾಗಿ ಕುಟ್ಟಕ್ಕೆ ಬಂದಿದ್ದಾಳೆ. ಅವಳದು ಪದವಿ ಮತ್ತು ಬಿ.ಎಡ್. ಅವಳೂ ಮೊದಲನೆಯ ಪತ್ರಿಕೆಯನ್ನೇ ಬರೆಯಬಹುದೇ?

ಉತ್ತರ (ನಿವೃತ್ತ ಮುಖ್ಯಶಿಕ್ಷಕ, ಸೋಮವಾರಪೇಟೆ)

ಬೇಡಮ್ಮಾ. ಒಂದರಿಂದ ಐದನೆಯ ತರಗತಿಗೆ ಬಿ.ಎಡ್. ಪದವೀಧರರನ್ನೂ ಪರಿಗಣಿಸಬಹುದೆಂದು 2018ರಲ್ಲಿ ಪರಿಷತ್ತು ಹೊರಡಿಸಿದ್ದ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 11ರಂದು ಒಪ್ಪಲಿಲ್ಲ. ಚಿಕ್ಕ ಮಕ್ಕಳಿಗೆ ಕಲಿಸಲು ಅದಕ್ಕೆಂದೇ ಪಡೆದ ತರಬೇತಿ ಬೇಕೆಂಬ ಆ ನಿಲುವು ನನಗಂತೂ ಸರಿಯೆನಿಸುತ್ತದೆ. ನಿನ್ನ ಗೆಳತಿ ಆರರಿಂದ ಎಂಟನೆಯ ತರಗತಿಯ ಎರಡನೆಯ ಪತ್ರಿಕೆಯನ್ನು ಬರೆಯಲಿ. ತವರಿನ ಜಾತಿ ಪ್ರಮಾಣಪತ್ರದ ಮೇಲೆ ಇಲ್ಲಿ ಮೀಸಲಾತಿ ಸಿಗುತ್ತದೆಂದು ನಂಬಿ ಅರ್ಜಿ ಹಾಕುವುದು ಬೇಡ. ಒಂದು ರಾಜ್ಯದ ಪರಿಶಿಷ್ಟ ಪಟ್ಟಿ ಇನ್ನೊಂದು ರಾಜ್ಯದ ನೇಮಕಾತಿಗೆ ತಾನಾಗಿ ಅನ್ವಯಿಸುವುದಿಲ್ಲ. ಮೊದಲು ತಾಲ್ಲೂಕು ಕಚೇರಿಯಲ್ಲಿ ಕೇಳಿಕೊಳ್ಳಲಿ.