ಮೈಸೂರಿನಲ್ಲಿ ಹುಟ್ಟಿದವಳು ಈ ಪಟ್ಟಿಗೆ ಸೇರಬಹುದೇ?

ಸ್ನೇಹಿತರೇ, ಇಲ್ಲಿನ, ಅಂದರೆ ಅಮೆರಿಕದ, ಚುನಾವಣೆಯ ವಿಷಯವನ್ನು ಮಕ್ಕಳ ಮುಂದೆ ಮಾತನಾಡಬೇಕೇ ಎಂದು ಕೇಳಿದವರಿಗೆ ನನ್ನ ಉತ್ತರ: ಖಂಡಿತ ಮಾತನಾಡಬೇಕು. ನಮ್ಮ ಮನೆಯಲ್ಲಿ ನಡೆದದ್ದನ್ನೇ ಬರೆಯುತ್ತೇನೆ.

2024ರ ಜುಲೈ 21ರಂದು ಆಗಿನ ಅಧ್ಯಕ್ಷ ಬೈಡನ್ ಕಣದಿಂದ ಹಿಂದೆ ಸರಿದರು. ಅವರ ಬದಲು ಕಣಕ್ಕಿಳಿದ ಕಮಲಾ ಹ್ಯಾರಿಸ್ ಯಾರನ್ನು ಉಪಾಧ್ಯಕ್ಷ ಅಭ್ಯರ್ಥಿಯಾಗಿ ಆರಿಸುತ್ತಾರೆ ಎಂಬ ಊಹಾಪೋಹ ಎರಡು ವಾರ ನಡೆಯಿತು. ಹನ್ನೆರಡು ವರ್ಷದ ಮಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಹೆಸರುಗಳನ್ನು ಬರೆದಿಟ್ಟುಕೊಂಡಿದ್ದಳು: ಪೆನ್ಸಿಲ್ವೇನಿಯಾದ ಶಪಿರೊ, ಅರಿಜೋನಾದ ಕೆಲ್ಲಿ, ಕೆಂಟಕಿಯ ಬೆಶಿಯರ್, ಮಿನ್ನೆಸೋಟಾದ ವಾಲ್ಜ್. ಪಕ್ಕದಲ್ಲಿ ಆಯಾ ರಾಜ್ಯದ ಎಲೆಕ್ಟೋರಲ್ ಮತಗಳು, ಅಂದರೆ ಅಧ್ಯಕ್ಷರ ಆಯ್ಕೆಯಲ್ಲಿ ಆ ರಾಜ್ಯಕ್ಕಿರುವ ಮತಗಳ ಸಂಖ್ಯೆ. ಪೆನ್ಸಿಲ್ವೇನಿಯಾಕ್ಕೆ 19, ಮಿನ್ನೆಸೋಟಾಕ್ಕೆ 10. ಹಾಗಾಗಿ ಶಪಿರೊ ಅವರೇ ಎಂದು ಅವಳ ಲೆಕ್ಕ. ಆಗಸ್ಟ್ 6ರಂದು ವಾಲ್ಜ್ ಹೆಸರು ಬಂತು. ಅವರು ಹೈಸ್ಕೂಲ್ ಮೇಷ್ಟರಾಗಿದ್ದವರು ಎಂದು ಗೊತ್ತಾದ ಮೇಲೆ ಅವಳಿಗೆ ಸೋತ ಬೇಸರ ಉಳಿಯಲಿಲ್ಲ.

ಆ ದಿನಗಳಲ್ಲೇ ಒಂದು ರಾತ್ರಿ ಊಟಕ್ಕೆ ಕುಳಿತಾಗ, "ಅಮ್ಮಾ, ಈ ಪಟ್ಟಿಯಲ್ಲಿ ಮುಂದೆ ನನ್ನ ಹೆಸರು ಬರಬಹುದೇ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮುಂಚೆಯೇ ಅವಳ ತಮ್ಮ, "ನನ್ನದು ಬರಬಹುದು, ನಿನ್ನದು ಬರುವುದಿಲ್ಲ" ಎಂದುಬಿಟ್ಟ. ಅವನು ನ್ಯೂಜೆರ್ಸಿಯಲ್ಲಿ ಹುಟ್ಟಿದವನು. ಅವಳು ಮೈಸೂರಿನಲ್ಲಿ ಹುಟ್ಟಿ ಮೂರು ವರ್ಷಕ್ಕೆ ಇಲ್ಲಿಗೆ ಬಂದವಳು. ಅವನು ಹೇಳಿದ್ದು ನಿಜವೇ. ಅಧ್ಯಕ್ಷರು ಹುಟ್ಟಿನಿಂದಲೇ ಪ್ರಜೆಯಾಗಿರಬೇಕು; ಸಂವಿಧಾನದ 12ನೇ ತಿದ್ದುಪಡಿ ಉಪಾಧ್ಯಕ್ಷರಿಗೂ ಅದೇ ಅರ್ಹತೆ ಕೇಳುತ್ತದೆ. ಮಗಳು ಅರ್ಧ ತಿಂದ ಚಪಾತಿಯನ್ನು ತಟ್ಟೆಯ ಅಂಚಿಗೆ ಸರಿಸಿ ಸುಮ್ಮನಾದಳು. ನನ್ನ ಕರುಳು ಚುರ್ರೆಂದಿತು.

ಆ ರಾತ್ರಿ ಇಬ್ಬರನ್ನೂ ಕೂರಿಸಿಕೊಂಡು ಸಚಿವ ಸಂಪುಟದ ವಿಚಾರ ಹೇಳಿದೆ. ಅಲ್ಲಿ ಹುಟ್ಟಿದ ಊರು ಅಡ್ಡಿಯಲ್ಲ. ಜೆನಿಫರ್ ಗ್ರಾನ್‌ಹೋಮ್ ಕೆನಡಾದ ವ್ಯಾಂಕೂವರಿನಲ್ಲಿ ಹುಟ್ಟಿ ನಾಲ್ಕನೇ ವಯಸ್ಸಿಗೆ ಬಂದವರು. ಎರಡು ಅವಧಿಗೆ ಮಿಷಿಗನ್ನಿನ ಗವರ್ನರ್ ಆಗಿ, ಬೈಡನ್ ಸಂಪುಟದಲ್ಲಿ ಇಂಧನ ಖಾತೆ ನಿಭಾಯಿಸಿದರು. ಪ್ರಾಗ್‌ನಲ್ಲಿ ಹುಟ್ಟಿದ ಮೆಡಲಿನ್ ಆಲ್‌ಬ್ರೈಟ್ 1997ರಲ್ಲಿ ವಿದೇಶಾಂಗ ಖಾತೆಯ ಮೊದಲ ಮಹಿಳೆಯಾದರು. ಅಧ್ಯಕ್ಷ ಸ್ಥಾನ ತೆರವಾದರೆ ಮುಂದೆ ಯಾರು ಎಂಬ ಸರತಿಯಲ್ಲಿ ಮಾತ್ರ ಇಂಥವರನ್ನು ದಾಟಿ ಮುಂದಿನವರಿಗೆ ಹೋಗುತ್ತಾರೆ.

ಇಲ್ಲಿ ನನಗೊಂದು ನೋವಿದೆ. ಹೆಸರುಗಳು ಓಡಾಡುವಾಗ ನಾವು "ನಮ್ಮವರು ಇದ್ದಾರೆಯೇ" ಎಂದಷ್ಟೇ ನೋಡುತ್ತೇವೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಸರ್ಜನ್ ಜನರಲ್ (ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯಾಧಿಕಾರಿ) ಆದಾಗ ಎಲ್ಲರೂ ಹೆಮ್ಮೆಪಟ್ಟೆವು. ಬಂದೂಕಿನ ಹಿಂಸೆ ಆರೋಗ್ಯದ ಸಮಸ್ಯೆ ಎಂದು ಹೇಳಿದ್ದಕ್ಕೆ ವಿರೋಧ ಎದ್ದು, ಅವರ ನೇಮಕಕ್ಕೆ ಇಲ್ಲಿನ ಮೇಲ್ಮನೆಯಾದ ಸೆನೆಟ್ ಒಪ್ಪಿಗೆ ಸಿಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2014ರ ಡಿಸೆಂಬರಿನಲ್ಲಿ 51-43 ಮತಗಳಿಂದ ಗೆದ್ದರು. ಶಾಲೆಯಲ್ಲಿ ಗುಂಡಿನ ದಾಳಿಯ ಅಣಕು ಕವಾಯತು ಮಾಡುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಎಷ್ಟು ಜನ ಹೇಳಿದ್ದೇವೆ?

ಭಾನುವಾರದ ವಿಡಿಯೊ ಕರೆಯಲ್ಲಿ ಮೈಸೂರಿನ ತಾತ, "ಶಾಸಕರೇ ಆಗದೆ ಮಂತ್ರಿಯಾಗುವುದು ಹೇಗೆ?" ಎಂದು ಮೊಮ್ಮಗಳನ್ನು ಕೇಳಿದರು. ಭಾರತದಲ್ಲಿ ಮಂತ್ರಿಯಾದವರು ಆರು ತಿಂಗಳಲ್ಲಿ ಸದನದ ಸದಸ್ಯರಾಗಬೇಕು. ಇಲ್ಲಿ ಸದನದಲ್ಲಿರುವವರು ಮಂತ್ರಿಯಾಗಲು ಆ ಸ್ಥಾನ ಬಿಡಬೇಕು. 2025ರ ಜನವರಿಯಲ್ಲಿ ಮಾರ್ಕೊ ರುಬಿಯೊ ಸೆನೆಟ್ ಬಿಟ್ಟು ವಿದೇಶಾಂಗ ಖಾತೆಗೆ ಹೋದದ್ದನ್ನು ಅವಳೇ ಕನ್ನಡದಲ್ಲಿ ವಿವರಿಸಿದಳು. ನಡುವೆ ಪದ ಸಿಗದೆ ತಡವರಿಸಿದಾಗ ತಾತ "ರಾಜೀನಾಮೆ" ಎಂದು ಎತ್ತಿಕೊಟ್ಟರು. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಈಗ ಅದರ ಕೆಳಗೆ ಖಾತೆ, ಪ್ರಮಾಣವಚನ, ಸಂಪುಟ ಎಂಬ ಪದಗಳೂ ಸೇರಿವೆ. 2028ರ ಹೆಸರುಗಳಿಗೆ ಹೊಸ ಹಾಳೆ ತೆರೆದಿದ್ದಾಳೆ. ತಾತನೂ ಅಲ್ಲಿಂದಲೇ ಒಂದೆರಡು ಹೆಸರು ಸೇರಿಸಿದ್ದಾರೆ.