ಸೊಪ್ಪಿನ ಬೆಟ್ಟ ಕಾಡಾಗುವ ಬದಲು ಯುಪಟೋರಿಯಂನಲ್ಲೇ ನಿಂತಿದೆ, ಯಾಕೆ?

ಹಳುಗಿಡ: ಶಿರಸಿ ಕಡೆಯ 2 ಎಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕಡಿಯುತ್ತಿದ್ದ ಗುಡ್ಡ. ಸೊಪ್ಪು ಕಡಿಯುವುದು, ದನ ಬಿಡುವುದು ನಿಂತು 6 ವರ್ಷ. ಮರ ಅಲ್ಲೊಂದು ಇಲ್ಲೊಂದು. ಹುಲ್ಲು, ಪೊದೆ, ಬಿಸಿಲಿನ ಮರ, ಆಮೇಲೆ ನೆರಳಿನ ಮರ ಎಂದು ಪಠ್ಯದಲ್ಲಿ ಓದಿದ ಅನುಕ್ರಮಣ ಇಲ್ಲಿ ಕಾಣುತ್ತಿಲ್ಲ. ಆಳೆತ್ತರ ಯುಪಟೋರಿಯಂ (ಹೊರನಾಡಿನಿಂದ ಬಂದ ಕಳೆಪೊದೆ) ಅಷ್ಟೆ. ಕಾಯುವುದೋ, ನೆಡುವುದೋ?

ಕಾನಂಚು: ಮೆಟ್ಟಿಲು ಹತ್ತಿದ ಹಾಗೆ ಕಾಡು ಬೆಳೆಯುತ್ತದೆ ಎಂಬುದು ಅಮೆರಿಕದ ಸಸ್ಯವಿಜ್ಞಾನಿ ಕ್ಲೆಮೆಂಟ್ಸ್ 1916ರಲ್ಲಿ ಕೊಟ್ಟ ಚಿತ್ರ. 1977ರಲ್ಲಿ ಕಾನೆಲ್, ಸ್ಲಾಟಿಯರ್ ಎಂಬ ಪರಿಸರ ವಿಜ್ಞಾನಿಗಳು ಮೂರು ದಾರಿ ಹೇಳಿದರು: ಮೊದಲು ಬಂದ ಗಿಡ ಮುಂದಿನದಕ್ಕೆ ನೆಲ ಹದ ಮಾಡಬಹುದು, ತನ್ನ ಪಾಡಿಗೆ ಇರಬಹುದು, ಇಲ್ಲವೇ ಅಡ್ಡ ಕೂರಬಹುದು. ನಿಮ್ಮಲ್ಲಿ ಮೂರನೆಯದು.

ನಡುವೆ ಬೆಂಕಿ ಬಿದ್ದಿತ್ತೇ? ಒಣಗಿದ ಯುಪಟೋರಿಯಂ ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಮರದ ಸಸಿ ಸಾಯುತ್ತದೆ, ಇದು ಬುಡದಿಂದ ಮತ್ತೆ ಚಿಗುರುತ್ತದೆ. ಒಂದೇ ಬೆಂಕಿಗೆ ಆರು ವರ್ಷದ ಲೆಕ್ಕ ಸೊನ್ನೆ. ಜನವರಿಯೊಳಗೆ ಗಡಿಗುಂಟ 3-4 ಮೀಟರ್ ಅಗಲ ಬೆಂಕಿರೇಖೆ (ಬೆಂಕಿ ದಾಟದಂತೆ ಬರಿನೆಲದ ಪಟ್ಟಿ) ಕೆರೆಸಿ. ಉಳಿದದ್ದೆಲ್ಲ ಆಮೇಲೆ.

ದರಕು: ನೆಡುವ ಮೊದಲು ಎಣಿಸಿ. 10×10 ಮೀಟರಿನ ಐದು ಚೌಕ ಗುರುತು ಹಾಕಿ, ಪೊದೆ ಸರಿಸಿ ನೋಡಿ. ಮತ್ತಿ, ಕೌಲು, ನೆಲ್ಲಿ, ಸಳ್ಳೆ ಸಸಿಗಳು, ಹಳೇ ಬೊಡ್ಡೆಯ ಚಿಗುರು ಅಡಿಯಲ್ಲೇ ಅಡಗಿರುತ್ತವೆ. ಚೌಕಕ್ಕೆ ಮೊಣಕಾಲೆತ್ತರದ್ದು ಎಂಟ್ಹತ್ತು ಸಿಕ್ಕರೆ ನೆಡುವ ಖರ್ಚು ದಂಡ ಎಂಬುದು ನನ್ನ ಅಳತೆ. ಪ್ರತಿ ಸಸಿಯ ಸುತ್ತ 1 ಮೀಟರ್ ಬಿಡಿಸಿದರೆ ಸಾಕು. ಬೊಡ್ಡೆಯಲ್ಲಿ ಗಟ್ಟಿಯಾದ ಎರಡು ಚಿಗುರು ಉಳಿಸಿ.

ಕಾನಂಚು: ಹೌದು, ಇಡೀ ಬೆಟ್ಟ ಒಮ್ಮೆಲೇ ಸವರಬೇಡಿ. ಬಿಸಿಲು ಬಿದ್ದಲ್ಲಿ ಯುಪಟೋರಿಯಂ ಬೀಜವೇ ಮೊದಲು ಮೊಳೆಯುತ್ತದೆ, ಇಳಿಜಾರಿನ ಮಣ್ಣೂ ತೊಳೆದುಹೋಗುತ್ತದೆ. ಕತ್ತಿಯಲ್ಲಿ ಕಡಿದರೆ ಮತ್ತೆ ಚಿಗುರುವುದು ಖಂಡಿತ. ನೆಲ ಹಸಿ ಇದ್ದಾಗ ಬೇರುಸಹಿತ ಕಿತ್ತು, ಬೇರು ಮೇಲಾಗಿ ಪೊದೆ ಮೇಲೇ ಹಾಕಿ. ಹೂ ಬಿಡುವ ಮೊದಲು, ಅಕ್ಟೋಬರ್ ಹೊತ್ತಿಗೆ, ಇನ್ನೊಮ್ಮೆ. ಅದಕ್ಕೆ ನೆರಳು ಆಗದು. ಮೇಲೆ ಕೊಂಬೆ ಕೂಡಿಕೊಂಡರೆ ತಾನಾಗಿ ಸೊರಗುತ್ತದೆ.

ಹಳುಗಿಡ: ಧೂಪದ ಮರ ನೆಡಬಹುದೇ? ಒಂದು ಮೂಲೆಯಲ್ಲಿ ಬರೀ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಹಾಸು ಇದೆ, ಅಲ್ಲಿಗೇನು?

ದರಕು: ಬಯಲಲ್ಲಿ ಧೂಪ ಬೇಡ, ಎಳೆಯ ಸಸಿ ಬಿಸಿಲಿಗೆ ಬಾಡುತ್ತದೆ. ಚಂದಕಲಿನಂಥ ಸಣ್ಣ ಬೀಜದ ಮರಗಳನ್ನು ಹಕ್ಕಿಗಳೇ ತರುತ್ತವೆ. ಅವುಗಳ ನೆರಳು ಬಂದ ಮೇಲೆ ಧೂಪ ಇಡಿ. ಮಳೆ ಶುರುವಿನಲ್ಲಿ ಉದುರುವ ಬೀಜ ಒಣಗಿಸಿಟ್ಟರೆ ಸತ್ತಿತು, ಹೆಕ್ಕಿದ ವಾರದೊಳಗೆ ಮಣ್ಣಿಗೆ ಹಾಕಿ. ದೊಡ್ಡ ಬೀಜ ಸಾಗಿಸಲು ಮಂಗಟ್ಟೆಯಂಥ (ಹಾರ್ನ್‌ಬಿಲ್) ದೊಡ್ಡ ಕೊಕ್ಕಿನ ಹಕ್ಕಿ ಬೇಕು. ಹತ್ತಿರ ಕಾನು (ದಟ್ಟ ನಿತ್ಯಹಸಿರು ಕಾಡು) ಇಲ್ಲದಿದ್ದರೆ ಆ ಕೆಲಸ ನಿಮ್ಮದೇ.

ಜಂಬಿಟ್ಟಿಗೆ ಹಾಸಿನಲ್ಲಿ ಗುಂಡಿ ತೋಡಿಸಬೇಡಿ. ಮಣ್ಣು ನಾಲ್ಕು ಬೆರಳು ಇದ್ದಲ್ಲಿ ಹುಲ್ಲೇ ಕೊನೆಯ ಹಂತ. ಮಳೆಗಾಲದಲ್ಲಿ ಯುಟ್ರಿಕ್ಯುಲೇರಿಯ ಎಂಬ ಪುಟ್ಟ ಕೀಟಾಹಾರಿ ಗಿಡ ಅರಳುವುದೂ ಅಂಥಲ್ಲೇ.