ವಿದೇಶದ ತಂಡ ಹೋದ ಮೇಲೂ ಆರೋಗ್ಯ ಯೋಜನೆ ನಡೆಯಬೇಕಾದರೆ ಏನು ಮಾಡಬೇಕು?

ಕೇಳಿದವರು: ನಾನು ಅಂಕೋಲಾದವಳು, ಈಗ ಜರ್ಮನಿಯಲ್ಲಿದ್ದೇನೆ. ಇಲ್ಲಿಯ ಡಾಕ್ಟರುಗಳ ಒಂದು ತಂಡ ನಮ್ಮ ಕರಾವಳಿಯ ಮೀನುಗಾರರ ಕೇರಿಗಳಲ್ಲಿ ಬಿಪಿ, ಶುಗರ್ ತಪಾಸಣೆ ಶುರುಮಾಡಲು ಹೊರಟಿದೆ. ಹಣ ಇರುವುದು ಮೂರು ವರ್ಷಕ್ಕೆ. ಆಮೇಲೂ ಕೆಲಸ ನಿಲ್ಲಬಾರದು. ಊರಿನವರನ್ನು ಹೇಗೆ ಸೇರಿಸಿಕೊಳ್ಳಬೇಕು? ಅನುಭವ ಇದ್ದವರು ಹೇಳಿ.

ಕುಮಟಾದಿಂದ: ಇಂಥದ್ದೇ ಯೋಜನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ತಂಡದವರು ತುಂಬ ಒಳ್ಳೆಯವರು. ಬರುವಾಗಲೇ ಶುಗರ್ ನೋಡುವ ಇಪ್ಪತ್ತು ಗ್ಲೂಕೋಮೀಟರ್ ತಂದಿದ್ದರು. ಜೊತೆಗೆ ತಂದ, ರಕ್ತದ ಹನಿ ಹಾಕುವ ಸ್ಟ್ರಿಪ್ ಎಂಟು ತಿಂಗಳಿಗೆ ಮುಗಿಯಿತು. ಒಂದು ಕಂಪನಿಯ ಮೀಟರಿಗೆ ಇನ್ನೊಂದರ ಸ್ಟ್ರಿಪ್ ಆಗುವುದಿಲ್ಲ, ಅಲ್ವಾ? ಕುಮಟಾ, ಹೊನ್ನಾವರದ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿದೆ, ಸಿಗಲಿಲ್ಲ. ಮೀಟರುಗಳು ಕಪಾಟು ಸೇರಿದವು. ತಿಂಗಳಿಗೊಮ್ಮೆ ತಪ್ಪದೆ ಬರುತ್ತಿದ್ದ ಅಜ್ಜಿಯೊಬ್ಬರು ಆ ಸಲವೂ ಬಂದು, ಸೆರಗಿಗೆ ಕೈ ಒರೆಸಿಕೊಂಡು, ಬೆರಳು ಮುಂದೆ ಚಾಚಿ ಕೂತರು. ನನಗೆ ಮಾತೇ ಹೊರಡಲಿಲ್ಲ. ದಯವಿಟ್ಟು ಪೇಟೆಯ ಅಂಗಡಿಯಲ್ಲಿ ಸಿಗುವ ಸಾಮಾನನ್ನೇ ಆರಿಸಿ.

ಇನ್ನೊಂದು, ಶಿಬಿರದ ಹೊತ್ತು. ನಾವು ಬೆಳಿಗ್ಗೆ ಹತ್ತಕ್ಕೆ ಇಟ್ಟಿದ್ದೆವು. ಆಗ ಹೆಂಗಸರು ಮೀನು ಬುಟ್ಟಿ ಹೊತ್ತು ಪೇಟೆಗೆ ಹೋಗಿರುತ್ತಾರೆ. ಮೂರು ಶಿಬಿರ ಖಾಲಿ ಹೋದ ಮೇಲೆ ಆಶಾ ಕಾರ್ಯಕರ್ತೆ ಅದನ್ನು ಹೇಳಿದರು. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿರಲೇ ಇಲ್ಲ! ಸಂಜೆ ನಾಲ್ಕಕ್ಕೆ ಬದಲಿಸಿದೆವು, ಅಂಗಳ ತುಂಬಿತು. ಗಂಡಸರು ಸಿಗಬೇಕಾದರೆ ಜೂನ್ 1ರಿಂದ ಜುಲೈ 31ರವರೆಗೆ ನೋಡಿ, ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುವ ಕಾಲ. ಮಳೆ ಜೋರು, ನೀವೇ ಮನೆ ಮನೆಗೆ ಹೋಗಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ರಿಜಿಸ್ಟರ್‌ದು. ರೋಗಿಗಳ ಪಟ್ಟಿ ತಂಡದ ಲ್ಯಾಪ್‌ಟಾಪಿನಲ್ಲಿತ್ತು, ಅವರ ಜೊತೆಗೇ ಹೋಯಿತು. 30 ವರ್ಷ ದಾಟಿದವರ ಬಿಪಿ, ಶುಗರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ಹಾಕಬೇಡಿ. ಉಪಕೇಂದ್ರದ ದಾಖಲೆಯಲ್ಲೇ ಹೆಸರು ಬರೆಸಿ, ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಸಿಗುವ ಹಾಗೆ ನೋಡಿಕೊಳ್ಳಿ. ನಮ್ಮಲ್ಲಿ ಹೀಗೆ ಉಪಕೇಂದ್ರದಲ್ಲಿ ಹೆಸರಿದ್ದವರು ಮಾತ್ರ ಇಂದಿಗೂ ಮಾತ್ರೆ ತಗೊಳ್ಳುತ್ತಿದ್ದಾರೆ.

ಶಿರಸಿಯಿಂದ: ನಾನು ಲೆಕ್ಕಪತ್ರ ನೋಡುವವನು. ವಿದೇಶದ ಹಣ ಪಡೆಯುವ ಸಂಸ್ಥೆಗೆ ಎಫ್‌ಸಿಆರ್‌ಎ ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. 2020ರ ತಿದ್ದುಪಡಿಯ ನಂತರ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವ ಹಾಗಿಲ್ಲ, ಆಡಳಿತ ಖರ್ಚು ಶೇ. 20 ಮೀರುವ ಹಾಗಿಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಕೊಟ್ಟರೆ ಅವರು ನಮ್ಮೂರಿನ ಸಂಘಕ್ಕೆ ಹಂಚುತ್ತಾರೆ ಎಂದುಕೊಂಡಿದ್ದರೆ ಬಿಟ್ಟುಬಿಡಿ. ನೆಲದಲ್ಲಿ ಕೆಲಸ ಮಾಡುವವರನ್ನೇ ಮೊದಲು ಹುಡುಕಿ, ಕಾಗದಪತ್ರ ನೋಡಿ, ಆಮೇಲೆ ಮಾತು ಕೊಡಿ.

ಸಿದ್ದಾಪುರದಿಂದ: ನಮ್ಮ ಕಡೆ ಉಣುಗಿನಿಂದ ಹರಡುವ ಮಂಗನ ಕಾಯಿಲೆಯ ಕಾಲದಲ್ಲಿ ಉಣುಗು ಕಚ್ಚದಂತೆ ಹಚ್ಚುವ ಎಣ್ಣೆಯನ್ನು ಮನೆಗೆ ಮುಟ್ಟಿಸುವವರು ಆಶಾ ಅಕ್ಕಂದಿರು. ಯಾರ ಮನೆಯವರು ದರಕು (ಒಣಗಿದ ಎಲೆ) ತರಲು ಯಾವ ಬೆಟ್ಟಕ್ಕೆ ಹೋಗುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ನಿಮ್ಮ ಡಾಕ್ಟರುಗಳು ಮೊದಲ ವಾರ ಅಂಥವರ ಹಿಂದೆ ಸುಮ್ನೆ ನಡೆಯಲಿ. ಆ ದಿನಗಳ ಕೂಲಿಯನ್ನೂ ಬಜೆಟ್ಟಿನಲ್ಲಿ ಬರೆಯಿರಿ, ಪುಕ್ಕಟೆ ದುಡಿಸಬೇಡಿ.